ಬೆನ್ನಿನ ನೀರು

ನಮ್ಮ ಮಕ್ಕಳ ವಾರ್ಡಿನ ಡಾಕ್ಟರಿಗೆ ಜನ ಇಟ್ಟ ಹೆಸರು ಸೂಜಿ ಡಾಕ್ಟರಮ್ಮ. ಜ್ವರ, ವಾಂತಿ, ಬಗ್ಗದ ಕತ್ತು ಇಟ್ಟುಕೊಂಡು ಮಗು ಬಂದರೆ ಸಾಕು, ಬೆನ್ನಿನಿಂದ ನೀರು ತೆಗೆಯಬೇಕು ಅನ್ನುತ್ತಿದ್ದರು. ಮಿದುಳಿನ ಸುತ್ತ ಇರುವ ನೀರೇ ಬೆನ್ನಿನ ತನಕ ಇಳಿದಿರುತ್ತದೆ. ಅದು ತಿಳಿಯಾಗಿದೆಯೋ ಕದಡಿದೆಯೋ ನೋಡಿದರೆ ಸೋಂಕಿನ ಗುಟ್ಟು ರಟ್ಟು. ಮಗುವನ್ನು ಮಗ್ಗುಲಾಗಿ ಮಲಗಿಸಿ, ಮೊಣಕಾಲು ಗದ್ದಕ್ಕೆ ಮುಟ್ಟುವ ಹಾಗೆ ಮುದುರಿ ಹಿಡಿಯುವ ನರ್ಸ್ ನಾನು. ಅದು ಅಲುಗಿದರೆ ಬೈಗುಳ ನನಗೆ.

ಹೆತ್ತವರು ಹೌಹಾರುತ್ತಿದ್ದರು. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದಂತೆ. ಡಾಕ್ಟರಮ್ಮ ಪಕ್ಕದಲ್ಲಿ ಕೂತು, ಗಂಟಲು ಹರಿಯುವಷ್ಟು ಹೇಳಿ ಒಪ್ಪಿಸುತ್ತಿದ್ದರು. ಒಪ್ಪಿಸಲಾಗದೆ ಹೋದದ್ದು ತಮ್ಮ ಒಡಹುಟ್ಟಿದ ತಂಗಿಯನ್ನು.

ತಂಗಿಯ ಮಗಳು ಇನ್ನೂ ಶಾಲೆಗೆ ಸೇರದ ಕೂಸು, ಮಾತಿನ ಮಲ್ಲಿ. ಜ್ವರ ಅಂತ ವಾರ್ಡಿಗೆ ಕರೆತಂದ ದಿನ ಕತ್ತು ಬಗ್ಗುತ್ತಿರಲಿಲ್ಲ, ಬೆಳಕು ಕಂಡರೆ ಮುಖ ತಿರುಗಿಸುತ್ತಿದ್ದಳು. ಡಾಕ್ಟರಮ್ಮ ತಡಮಾಡದೆ ಡ್ರಿಪ್ಪಿನಲ್ಲಿ ಔಷಧ ಶುರುಮಾಡಿಸಿ, ಕೈ ತೊಳೆದು ಸೂಜಿಗೆ ಸಜ್ಜಾದರು. ತಂಗಿ ಮಂಚಕ್ಕೆ ಅಡ್ಡ ನಿಂತಳು.

"ನಮ್ಮತ್ತೆ ಬೇಡ ಅಂದಿದ್ದಾರೆ ಅಕ್ಕ. ನಾಳೆ ಕುಂಟಿ ಆದ್ರೆ ನಾನು ಯಾರಿಗೆ ಮುಖ ತೋರಿಸ್ಲಿ?"

"ಆಗಲ್ಲ ಕಣೇ. ನೀರು ನೋಡದೆ ಯಾವ ಔಷಧ, ಎಷ್ಟು ದಿನ ಅಂತ ಹೇಗೆ ಹೇಳ್ಲಿ?"

"ಊರ ಮಕ್ಕಳು ಸಾಲದೇ ಹೋದ್ರಾ ನಿನಗೆ?"

ಸೂಜಿ ಹಾಕಲು ಬಿಡಲಿಲ್ಲ. ಡ್ರಿಪ್ಪಿನ ಔಷಧಕ್ಕೇ ಜ್ವರ ಇಳಿಯಿತು. ಅದೇ ಕೆಟ್ಟದ್ದಾಯಿತು. ಬರೀ ನೆಗಡಿ ಜ್ವರಕ್ಕೆ ಇಷ್ಟು ರಂಪ ಎಂದು ಅತ್ತೆ ಗೆದ್ದರು. ಔಷಧ ಅರ್ಧವಾಗಿರುವಾಗಲೇ ಕೂಸನ್ನು ಮನೆಗೆ ಹೊರಡಿಸಿದರು. ಡಾಕ್ಟರಮ್ಮ ಗೇಟಿನ ತನಕ ಬೇಡಿಕೊಂಡು ಹೋದರು. ತಂಗಿ ತಿರುಗಿಯೂ ನೋಡಲಿಲ್ಲ.

ವಾರ ಕಳೆಯುವಷ್ಟರಲ್ಲಿ ಮಗಳು ಫಿಟ್ಸ್ ಬಂದು ಅದೇ ಮಂಚಕ್ಕೆ ಮರಳಿದಳು. ಈಗ ಯಾರೂ ಅಡ್ಡ ಬರಲಿಲ್ಲ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ನಾನೇ ಮುದುರಿ ಹಿಡಿದೆ. ಬಂದ ನೀರು ಅಕ್ಕಿ ತೊಳೆದ ನೀರಿನಂತಿತ್ತು. ಕೂಸು ಉಳಿಯಿತು, ಎದ್ದು ನಡೆಯಿತು ಕೂಡ. ಕಿವಿ ಎರಡೂ ಹೋದವು.

ಸೋಂಕು ತಿಂದ ಕಿವಿಯನ್ನು ಸೂಜಿ ತಿಂದಿತು ಎಂದು ತಂಗಿ ಸಿಕ್ಕಸಿಕ್ಕವರಿಗೆ ಹೇಳಿದಳು. ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವಳಿಗೆ ಬದುಕಲು ಅಷ್ಟು ಸುಳ್ಳು ಬೇಕಿತ್ತೇನೋ.

ಮೊನ್ನೆ ಒಬ್ಬ ತಾಯಿ ಜ್ವರದ ಮಗುವನ್ನು ಅವಚಿಕೊಂಡು ಬಂದಳು. ಡಾಕ್ಟರಮ್ಮ ಎಂದಿನ ಹಾಗೆ ಪಕ್ಕದಲ್ಲಿ ಕೂತು ಹೇಳತೊಡಗಿದರು.

"ಬೇಡಮ್ಮ," ಅಂದಳು ಆಕೆ. "ಇಲ್ಲೇ ಯಾರೋ ಡಾಕ್ಟರು ಸ್ವಂತ ತಂಗಿ ಮಗಳಿಗೇ ಸೂಜಿ ಹಾಕಿ ಕಿವಿ ಕಳೆದ್ರಂತೆ. ನಿಮಗೆ ಗೊತ್ತಿಲ್ವಾ?"

"ಗೊತ್ತು," ಅಂದರು ಡಾಕ್ಟರಮ್ಮ.

ತಾಯಿ ಮಗುವನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದಳು. ಅವಳ ಹೆಗಲಿಗೆ ಒರಗಬೇಕಿದ್ದ ಅದರ ಕತ್ತು ಸೆಟೆದೇ ಇತ್ತು.