ಬಂದೂಕಿನ ತಳ ಮತ್ತು ನಾಲ್ಕು ಬೆರಳು

ಕೈ ಹೋಗದ ಜಾಗವನ್ನು ನಾನು ನಂಬುವುದಿಲ್ಲ. ಥರ್ಮಾಸಿನ ಹೊಟ್ಟೆ, ಮಿಕ್ಸರ್ ಬ್ಲೇಡಿನ ಅಡಿ, ಹೋಟೆಲಿನ ಜಗ್ಗಿನ ತಳ, ಎಲ್ಲದರೊಳಗೂ ಇಣುಕಿದ ಮೇಲೆಯೇ ಮುಂದಿನ ಮಾತು. ಇದನ್ನು ಹೆಂಡತಿ ರೋಗ ಅನ್ನುತ್ತಾಳೆ, ನಾನು ಎಚ್ಚರ ಅನ್ನುತ್ತೇನೆ.

ಕಮಲಾಪುರದ ಗುರಣ್ಣ ಮಾಮಾ, ನನ್ನ ತಾಯಿಯ ತಮ್ಮ, ಇದಕ್ಕೆ ತದ್ವಿರುದ್ಧ. ಅವರ ಬಾಳೆತೋಟಕ್ಕೆ ಹಂದಿಗಳ ಕಾಟ. ಹಂದಿ ಬೆದರಿಸಲು ಲೈಸೆನ್ಸಿನ ಹಳೇ ಬಂದೂಕು. ಬಾಯಿಂದಲೇ ಮದ್ದು, ಗುಂಡು ತುಂಬಿ ಗಜವೆಂಬ ಉದ್ದನೆಯ ಕೋಲಿನಿಂದ ಜಡಿಯುವ ಜಾತಿ. ಅದರ ತಳ ಮುಚ್ಚಿರುತ್ತದೆ. ನೋಡಬೇಕೆಂದರೆ ನಳಿಗೆಯ ಬಾಯಿಗೇ ಕಣ್ಣು ಕೊಡಬೇಕು; ನನ್ನಂಥವನು ಕೊಟ್ಟಾನೆಯೇ? ಹಿಂಬದಿಗೆ, ಸಿಡಿಯುವ ಕೇಪು ಕೂರಿಸುವಲ್ಲಿ, ಸೂಜಿಯಷ್ಟೇ ತೂತು. ಮಸಿ ಕೂರುವುದು ಸರಿಯಾಗಿ ಈ ಎರಡೇ ಕಡೆ.

ಲೈಸೆನ್ಸ್ ನವೀಕರಣಕ್ಕೆ ಬಂದೂಕು ತೊಳೆದು ತೋರಿಸಬೇಕೆಂದು ಮಾಮಾ ನನ್ನನ್ನು ಕಲಬುರಗಿಯಿಂದ ಕರೆಸಿದರು. ಬಿಸಿನೀರು, ಹಳೇ ಧೋತರದ ಚಿಂದಿ, ಪಾರಿವಾಳದ ಗರಿ ಇಟ್ಟುಕೊಂಡು ಅಂಗಳದಲ್ಲಿ ಕೂತೆವು. ಗರಿಯ ತುದಿ ತೂತಿನೊಳಗೆ ಹೋಗಲೇ ಇಲ್ಲ.

"ಒಂದು ಕೇಪ್ ಹೊಡದ್ರ ಕಸಾ ಎಲ್ಲಾ ಹಾರಿಹೋಗ್ತದ," ಅಂದರು ಮಾಮಾ.

"ತಡೀರಿ ಮಾಮಾ. ಒಳಗ ಖಾಲಿ ಅದನೋ ಇಲ್ಲೋ?"

"ಖಾಲಿ ಅದ. ನಾನೇ ಖಾಲಿ ಮಾಡಿ ಇಟ್ಟೀನಿ."

ಗಜವನ್ನು ನಳಿಗೆಯೊಳಗೆ ಮೆಲ್ಲಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಗುರುತು ಮಾಡಿ, ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದೆ. ತಳ ಮುಟ್ಟಲು ನಾಲ್ಕು ಬೆರಳು ಕಡಿಮೆ. ಮತ್ತೆ ಅಳೆದೆ. ನಾಲ್ಕೇ ಬೆರಳು.

"ಮಸಿ ಕೂತಿರ್ತದೋ."

"ಇಷ್ಟು ಮಸಿ ಹೆಂಗ ಕೂಡ್ತದ್ರೀ?"

"ಅಂದ್ರ ನಾ ಸುಳ್ಳ ಹೇಳಾಕತ್ತೀನೇನು?" ಮಾಮಾ ಕೇಪಿನ ಡಬ್ಬಿಗೆ ಕೈ ಹಾಕಿದರು. ನಾನು ಕಸಿದು ಜೇಬಿಗಿಳಿಸಿದೆ. ಹುಟ್ಟಿದಾಗಿನಿಂದ ಅವರ ಕೈಯಿಂದ ಏನನ್ನೂ ಕಸಿದವನಲ್ಲ ನಾನು. ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಕಲಬುರಗಿಯ ಸ್ಟೇಶನ್ ಬಜಾರಿನಲ್ಲಿ ಬಂದೂಕು ರಿಪೇರಿ ಮಾಡುವ ಮಹಬೂಬ ಭಾಯ್‌ಗೆ ಫೋನ್ ಮಾಡಿದೆ. "ಮುಟ್ಟಬ್ಯಾಡ್ರಿ ಸಾಬ್. ನಾನೇ ಬರ್ತೀನಿ," ಅಂದರು. ಕರೆದ ಕೂಡಲೇ ಬರುವ ರಿಪೇರಿಯವರನ್ನು ನಾನು ಕಂಡಿರಲಿಲ್ಲವಾದ್ದರಿಂದ, ಅವರ ಮೇಲೂ ಒಂದಿಷ್ಟು ಸಂಶಯ ಬಂತು.

ಸ್ಕೂಟರಿಳಿದವರೇ ನನ್ನನ್ನು ದೂರ ಕಳಿಸಿ, ನಳಿಗೆಗೆ ನೀರು ಸುರಿದು ಬಹಳ ಹೊತ್ತು ನೆನೆಸಿದರು. ಆಮೇಲೆ ಗಜದ ತುದಿಗೆ ತಿರುಪು ಸಿಕ್ಕಿಸಿ, ತಿರುವಿ ತಿರುವಿ ಎಳೆದರು. ಮೊದಲು ಗುಂಡು ಜಾರದಂತೆ ಜಡಿದಿದ್ದ ನಾರಿನ ಉಂಡೆ ಬಂತು. ಆಮೇಲೆ ಗುಂಡು. ಕೊನೆಗೆ ರಾಡಿಯಂಥ ಕರೀ ಮದ್ದು.

ಮಾಮಾ ಯಾವಾಗ ಬಾಗಿಲಿಗೆ ಬಂದು ನಿಂತಿದ್ದರೋ. "ಯಾರು ತುಂಬಿದ್ರೋ?" ಅಂದರು. ಬಂದೂಕಿನ ಕಪಾಟಿನ ಕೀಲಿ ಅವರೊಬ್ಬರ ಜನಿವಾರದಲ್ಲೇ ಇರುವುದು. ಮೆಲ್ಲಗೆ ಕಟ್ಟೆಯ ಮೇಲೆ ಕೂತರು.

"ದೀಪಾವಳಿಗೆ ಮೊಮ್ಮಗಳು ಇದರ ಬಾಯಿಗೆ ಕಣ್ಣ ಹಚ್ಚಿ ನೋಡ್ಯಾಳೋ. ಬಂದೂಕ ನಾನೇ ಹಿಡಕೊಂಡಿದ್ದೆ."

"ನಾ ಹೇಳಿರಲಿಲ್ಲೇನು" ಎಂಬ ಮಾತು ಬೆಳಗಿನಿಂದ ನಾಲಿಗೆಯ ತುದಿಯಲ್ಲಿತ್ತು. ನುಂಗಿದೆ.

ಮಹಬೂಬ ಭಾಯ್ ಮಾತ್ರ ತಲೆ ಎತ್ತದೆ, ತೂತಿನಲ್ಲಿ ಗರಿ ಆಡಿಸುತ್ತ ಹೇಳಿದರು: "ನಾನೂ ಒಮ್ಮಿ ಹಿಂಗೇ ಮರ್ತಿದ್ದೆ ರೀ ಯಜಮಾನ್ರ. ಅದೇ ಕಸಬಿನಾಗ ಇದ್ದಾಂವ! ಅಂಗಡಿ ಛತ್ತಿನಾಗ ಇನ್ನೂ ತೂತ ಅದ."

ಮಾಮಾ ಸಣ್ಣಗೆ ನಕ್ಕು, ಚಹಾ ತರಲು ಒಳಗೆ ಹೋದರು. ಈಗ ಗಜ ಇಳಿಸಿ ಅಳೆಯದೆ ಅವರು ಬಂದೂಕು ಮುಟ್ಟುವುದಿಲ್ಲ.

ಆಮೇಲೆ ಎಷ್ಟೋ ಸಲ ಮಹಬೂಬ ಭಾಯ್ ಅಂಗಡಿಯಲ್ಲಿ ಕೂತು ಹರಟೆ ಹೊಡೆದಿದ್ದೇನೆ. ತೂತು ಇದೆಯೋ ಇಲ್ಲವೋ ಎಂದು ಒಮ್ಮೆಯೂ ಛತ್ತಿನ ಕಡೆ ತಲೆ ಎತ್ತಿ ನೋಡಿಲ್ಲ.