ನಾನೇ ಕಿತ್ತ ವೈರು

ಮಾಲೂರಿನ ಒಂದು ಕಾಲೇಜಿನ ಆಫೀಸಿನಲ್ಲಿ ನಾನು ಗುಮಾಸ್ತೆ. ಕೋಲಾರದಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಕಂಪ್ಯೂಟರ್ ಕೆಲಸದಲ್ಲಿ ನನ್ನನ್ನು ಬಿಟ್ಟರಿಲ್ಲ ಎಂಬ ಜಂಬ ನನಗಿತ್ತು. ಪರದೆಯ ಎಡಮೂಲೆಯ ಗುಂಡಿ ಒತ್ತಿದರೆ ಏನು ಎಲ್ಲಿ ತೆರೆಯುತ್ತದೆಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ.

ಕಂಪ್ಯೂಟರ್ ನಡೆಸುವ ಹೊಸ ಸಾಫ್ಟ್‌ವೇರ್ ಸಿಸ್ಟಂ ಮೊದಲು ಬಂದದ್ದು ಪ್ರಿನ್ಸಿಪಾಲರ ಕೋಣೆಯ ಕಂಪ್ಯೂಟರಿಗೆ. ಏನೋ ಟೈಪ್ ಮಾಡಲು ಕರೆದರೆಂದು ಹೋದೆ. ಮೂಲೆಯಲ್ಲಿದ್ದ ಗುಂಡಿ ನಡುವಿಗೆ ಬಂದಿತ್ತು, ಚಿತ್ರಗಳೆಲ್ಲ ಬೇರೆಯಾಗಿದ್ದವು. ನಾಲ್ಕು ಸಲ ತಪ್ಪು ಜಾಗಕ್ಕೆ ಒತ್ತಿದೆ. "ನಿಧಾನಕ್ಕೆ ಮಾಡಿ ಮೇಡಂ" ಎಂದರು. ನನಗದು ಚುಚ್ಚಿತು. ಅಂದಿನಿಂದ ನನ್ನ ಮೇಜಿನ ಕಂಪ್ಯೂಟರು ಹೊಸದಕ್ಕೆ ಬದಲಾಗಲೇ ಎಂದು ಕೇಳಿದಾಗಲೆಲ್ಲ ಆಮೇಲೆ ನೋಡೋಣ ಎಂದೇ ಒತ್ತುತ್ತ ಬಂದೆ. ಹೀಗೆ ತಿಂಗಳುಗಟ್ಟಲೆ ನಡೆಯಿತು.

ಅಡ್ಮಿಷನ್ ಶುರುವಾಗಿದ್ದ ಒಂದು ಸಂಜೆ, ಬಸ್ಸಿಗೆ ಹೊತ್ತಾಗಿತ್ತು. ಅವಸರದಲ್ಲಿ ಎಲ್ಲಿ ಒತ್ತಿದೆನೋ, ಕಂಪ್ಯೂಟರು ತಾನಾಗಿ ಹೊಸ ಸಿಸ್ಟಮ್ಮಿಗೆ ಬದಲಾಗತೊಡಗಿತು. ಆಫ್ ಮಾಡಬೇಡಿ ಎಂದು ಪರದೆಯಲ್ಲಿ ಕಾಣುತ್ತಲೇ ಇತ್ತು. ನಾಳೆ ಬೆಳಗ್ಗೆ ಆ ಹೊಸ ಮುಖದ ಮುಂದೆ, ಮಕ್ಕಳ ಸಾಲಿನ ಎದುರಿಗೆ ತಡವರಿಸಬೇಕಲ್ಲ ಎಂದು ಗಾಬರಿಯಾಗಿ ಸಿಪಿಯು ಹಿಂದಿನ ವೈರನ್ನೇ ಕಿತ್ತೆ.

ಬೆಳಗ್ಗೆ ಅದು ಆನ್ ಆಗಲಿಲ್ಲ. ಕಿಟಕಿಯಾಚೆ ಟಿ.ಸಿ.ಗೆ ಬಂದ ಮಕ್ಕಳು, ಅವರ ತಂದೆತಾಯಿಗಳು. ಪ್ರಿನ್ಸಿಪಾಲರು ಬಂದು "ಏನಾಯ್ತು?" ಎಂದರು. ಬಾಗಿಲ ಬಳಿ ಪೊರಕೆ ಹಿಡಿದು ನಮ್ಮ ಅಟೆಂಡರ್ ನಿಂತಿದ್ದಳು. ಲಕ್ಕೂರಿನ ಕಡೆಯವಳು, ವರ್ಷಗಳಿಂದ ಆಫೀಸು ಗುಡಿಸಿ ಮೇಜು ಒರೆಸುತ್ತಿದ್ದಾಕೆ.

"ಬೆಳಗ್ಗೆ ಒರೆಸುವಾಗ ಇವಳು ಏನಾದ್ರೂ ಎಳೆದಿರ್ಬೇಕು ಸಾರ್" ಎಂದುಬಿಟ್ಟೆ.

ಆಕೆ ನನ್ನ ಮುಖ ನೋಡಿದಳು. ಪ್ರಿನ್ಸಿಪಾಲರು ಎಲ್ಲರೆದುರಿಗೇ ಗದರಿ, ಇನ್ನು ಆಫೀಸಿಗೆ ಕಾಲಿಡಬೇಡ, ಹಿಂದಿನ ಶೌಚಾಲಯಗಳನ್ನು ನೋಡಿಕೋ ಎಂದು ಕಳಿಸಿದರು.

ರಿಪೇರಿಯವನು ಬಂದು ಫೈಲುಗಳನ್ನು ಉಳಿಸಿ ಹೊಸ ಸಿಸ್ಟಮ್ಮನ್ನೇ ಹಾಕಿಕೊಟ್ಟ. "ಅಪ್‌ಡೇಟ್ ಮಧ್ಯದಲ್ಲಿ ಆಫ್ ಆಗಿದೆ ಮೇಡಂ" ಎಂದ. "ಕರೆಂಟ್ ಹೋಗಿತ್ತು" ಎಂದೆ. ಸುಳ್ಳು ಎರಡಾಯಿತು.

ಮೂರನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ತೊಳೆಯಲು ನಲ್ಲಿಗೆ ಹೋದೆ. ಆಕೆ ಬಕೆಟ್ಟಿಗೆ ಫಿನಾಯಿಲ್ ಹಾಕುತ್ತಿದ್ದಳು, ಅವಳ ಬೆರಳುಗಳು ಬಿಳಿಚಿಕೊಂಡಿದ್ದವು. ತಡೆಯಲಾಗಲಿಲ್ಲ. "ಅವತ್ತು ಹಾಳು ಮಾಡಿದ್ದು ನಾನೇ ಕಣಮ್ಮ" ಎಂದೆ.

"ನಂಗೊತ್ತು ಮೇಡಂ. ಬೀಗ ಹಾಕೋಕೆ ಬಂದಿದ್ದೆ. ನೀವು ವೈರ್ ಕಿತ್ತಿದ್ದು ನೋಡ್ದೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾನು ಹೇಳಿದ್ರೆ ಯಾರು ನಂಬ್ತಾರೆ? ನೀವೇ ಹೇಳ್ತೀರ ಅಂತ ಎರಡು ದಿನ ನೋಡ್ದೆ." ನಲ್ಲಿ ನಿಲ್ಲಿಸಿ ಬಕೆಟ್ ಎತ್ತಿಕೊಂಡು ಹೋದಳು.

ನೇರ ಪ್ರಿನ್ಸಿಪಾಲರ ಕೋಣೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಅವರು ನಕ್ಕು, "ಹೋಗ್ಲಿ ಬಿಡಿ ಮೇಡಂ, ಈಗ ಸರಿಯಾಯ್ತಲ್ಲ" ಎಂದರು. ನನ್ನನ್ನು ಬೈದಿದ್ದರೆ ಹಗುರಾಗುತ್ತಿದ್ದೆ. ಆಕೆಯನ್ನು ಎಲ್ಲರೆದುರಿಗೆ ಬೈದಿರಿ, ತಪ್ಪು ಆಕೆಯದಲ್ಲವೆಂದೂ ಎಲ್ಲರೆದುರಿಗೇ ಹೇಳಿ ಎಂದು ಕೇಳಬೇಕಿತ್ತು. ಅಷ್ಟು ಧೈರ್ಯ ಬರಲಿಲ್ಲ. ಅವರು ಆಕೆಯನ್ನು ಕರೆಸಿ, "ನಾಳೆಯಿಂದ ಆಫೀಸಿಗೇ ಬಾ" ಎಂದಷ್ಟೇ ಅಂದರು. ಆಕೆ "ಸರಿ ಸಾರ್" ಎಂದಳು.

ಹೊಸ ಸಿಸ್ಟಂ ಹತ್ತೇ ದಿನದಲ್ಲಿ ಕೈಗೆ ಹತ್ತಿತು. ಅಷ್ಟಕ್ಕಾಗಿ ಇಷ್ಟೆಲ್ಲ ಮಾಡಿದೆ. ಈಗ ಶ್ರೀನಿವಾಸಪುರದ ಕಾಲೇಜಿನವರೂ ಅದರ ಬಗ್ಗೆ ನನಗೇ ಫೋನ್ ಮಾಡಿ ಕೇಳುತ್ತಾರೆ. "ಎಷ್ಟು ಬೇಗ ಕಲಿತ್ಬಿಟ್ರಿ ಮೇಡಂ" ಎಂದು ಮೊನ್ನೆ ಒಬ್ಬರು ಹೊಗಳಿದರು. ಸ್ಪೀಕರ್ ಆನ್ ಆಗಿತ್ತು, ಆಕೆ ಪಕ್ಕದಲ್ಲೇ ಫೈಲು ಜೋಡಿಸುತ್ತಿದ್ದಳು. ನಾನು ಕೈಚಾಚಿ ಸ್ಪೀಕರ್ ಆಫ್ ಮಾಡಿದೆ.