ರೆಕಾರ್ಡು ಕವರಿನ ಪೊರ್ಬುಗಳು

ಕಳೆದ ತಿಂಗಳು ಅಗಲ್ಪಾಡಿಯಲ್ಲಿ ನನ್ನ ಹೆಂಡತಿಯ ಅಕ್ಕನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಬಂದವರಿಗೆ ಕೂರಲು ಚಾಪೆ ಸಾಲದಾಯಿತೆಂದು ಷಡ್ಡಕ ಒಳಕೋಣೆಯ ಹಳೆಯ ಪೆಟ್ಟಿಗೆ ತೆರೆದು ಜಮಖಾನೆ ಹೊರಗೆಳೆದರು. ಅದರ ಜೊತೆಗೆ ಒಂದು ವಾಸನೆಯೂ ಬಂತು. ನುಸಿಗುಳಿಗೆಯದ್ದು, ಅದರಡಿಯಲ್ಲಿ ವರ್ಷಗಟ್ಟಲೆ ಗಾಳಿ ಕಾಣದ ರಟ್ಟಿನದ್ದು. ಸುತ್ತ ಇದ್ದವರು ಮೂಗು ಮುಚ್ಚಿಕೊಂಡರು. ನನಗೆ ಮಾತ್ರ ಹೊಟ್ಟೆಯೊಳಗೆ ಎಷ್ಟೋ ವರ್ಷದಿಂದ ಮಲಗಿದ್ದ ಉರಿಯೊಂದು ಎದ್ದು ಕೂತಿತು. ಅದು ಪೊರ್ಬುಗಳ ಮನೆಯ ವಾಸನೆ.

ಪೊರ್ಬುಗಳು ಎಂದರೆ ಶಿರಿಯದಲ್ಲಿ ನಮ್ಮ ನೆರೆಮನೆಯವರು. ಕೊಂಕಣಿ ಮಾತಾಡುವ ಕ್ರೈಸ್ತರನ್ನು ನಮ್ಮ ಕಡೆ ಹಾಗೆಯೇ ಕರೆಯುವುದು. ಅವರಿಗೊಂದು ಒಳ್ಳೆಯ ಹೆಸರಿತ್ತು. ನಾನು ಒಂದು ದಿನವೂ ಆ ಹೆಸರು ಹಿಡಿದು ಕರೆದವನಲ್ಲ, ಈಗ ಬರೆಯುವಾಗಲೂ ಅದು ಬೇಡ.

ಅವರು ಬರುವ ಮೊದಲು ನಾನು ಎಂತಹ ಗತ್ತಿನಲ್ಲಿದ್ದೆ ಎಂದು ಹೇಳಬೇಕು. ನನ್ನದು ಬೋರ್ಡು ಬರೆಯುವ ಕಸುಬು. ಮೊಗ್ರಾಲಿನಲ್ಲಿ ಹೆದ್ದಾರಿ ಬದಿಗೆ ಒಂದು ಸಣ್ಣ ಕೋಣೆ, ಅದರೊಳಗೆ ತಗಡುಗಳು, ಎನಾಮೆಲ್ ಡಬ್ಬಗಳು, ಟರ್ಪೆಂಟೈನಿನ ಘಾಟು. ಕುಂಬಳೆಯಿಂದ ಕಾಸರಗೋಡಿನವರೆಗೆ ಬಸ್ಸಿನಲ್ಲಿ ಹೋದರೆ ಕಿಟಕಿಯಾಚೆ ಸಾಲಾಗಿ ಕಾಣುತ್ತಿದ್ದದ್ದು ನನ್ನ ಅಕ್ಷರಗಳೇ. ಮಲಯಾಳವೂ ನನ್ನದೇ, ಕನ್ನಡವೂ ನನ್ನದೇ, ಇಂಗ್ಲಿಷೂ ನನ್ನದೇ. ಪ್ರತಿ ಬೋರ್ಡಿನ ಮೂಲೆಯಲ್ಲಿ ನನ್ನ ಹೆಸರು, ಅದರ ಕೆಳಗೆ ಫೋನ್ ನಂಬರು. ಊರಿನವರು ನನ್ನನ್ನು ಆರ್ಟಿಸ್ಟ್ ಎಂದೇ ಕರೆಯುತ್ತಿದ್ದರು. ಮೀನು ಮಾರುವವನೂ ಆರ್ಟಿಸ್ಟರೇ ಎಂದು ಕೂಗುವಾಗ ನನಗೆ ಬಂಗುಡೆ ಸ್ವಲ್ಪ ಹಳತಾಗಿದ್ದರೂ ಕೊಂಡುಬಿಡುವಷ್ಟು ಸಂತೋಷವಾಗುತ್ತಿತ್ತು.

ಎರಡು ಸಾವಿರದ ಎರಡನೇ ಇಸವಿ ಇರಬೇಕು. ಪಕ್ಕದ ಮನೆಯ ಬಾಯಮ್ಮ ತೀರಿಹೋಗಿ ಮನೆ ಖಾಲಿ ಬಿದ್ದಿತ್ತು. ಅವರ ಅಣ್ಣ ಬೊಂಬಾಯಿಯಲ್ಲಿ ನಿವೃತ್ತನಾಗಿ ಆ ಮನೆಗೆ ಬರುತ್ತಾನಂತೆ ಎಂಬ ಸುದ್ದಿಯ ಹಿಂದೆಯೇ ಟೆಂಪೋ ಬಂತು. ಪಾತ್ರೆ ಬಟ್ಟೆ ಕಡಿಮೆ, ರಟ್ಟಿನ ಪೆಟ್ಟಿಗೆಗಳೇ ಹೆಚ್ಚು. ಇಳಿಸಲು ನಾನೂ ಹೆಗಲು ಕೊಟ್ಟೆ. ಎತ್ತಿದರೆ ಸೊಂಟ ಹಿಡಿಯುವ ಭಾರ. ಒಳಗೆ ಏನೋ ಬೆಲೆಬಾಳುವ ಸಾಮಾನು ಇರಬೇಕೆಂದು ಕಾದೆ. ಪೊರ್ಬುಗಳು ಜಗಲಿಯಲ್ಲೇ ಕೂತು ಒಂದನ್ನು ಬಿಚ್ಚಿದರು. ಗ್ರಾಮಫೋನ್ ರೆಕಾರ್ಡಿನ ಕವರುಗಳು. ದೊಡ್ಡ ಚೌಕದ ಎಲ್‌ಪಿ ಕವರುಗಳು, ನಡುನಡುವೆ ನುಸಿಗುಳಿಗೆ. ಕೆಲವುಗಳೊಳಗೆ ಮಾತ್ರ ಹಾಡಿನ ತಟ್ಟೆ ಇತ್ತು, ಮಿಕ್ಕವು ಬರೀ ಕವರು.

“ತಟ್ಟೆ ಇಲ್ಲದೆ ಇದೆಲ್ಲ ಯಾಕೆ?” ಎಂದು ಕೇಳಿದೆ.

“ತಟ್ಟೆ ಹಾಡಿದವರದ್ದು. ಇದು ನಾನು ಮಾಡಿದ್ದು” ಎಂದರು.

ರೆಕಾರ್ಡು ಕಂಪೆನಿಯೊಂದರಲ್ಲಿ ಕವರಿಗೆ ಚಿತ್ರ ಬರೆಯುವುದೇ ಅವರ ಉದ್ಯೋಗವಾಗಿತ್ತಂತೆ. ನಾನು ಒಂದನ್ನು ಕೈಗೆತ್ತಿಕೊಂಡೆ. ನೀಲಿ ಗೋಡೆ, ಒಂದು ಕಿಟಕಿ, ನಮಗೆ ಬೆನ್ನು ಹಾಕಿ ತಲೆ ಬಾಚಿಕೊಳ್ಳುತ್ತಿರುವ ಒಬ್ಬ ಹೆಂಗಸು. ಮುಖ ಕಾಣುವುದಿಲ್ಲ. ಎದುರಿನ ಸಣ್ಣ ಕನ್ನಡಿಯಲ್ಲಾದರೂ ಕಂಡೀತೆಂದು ನೋಡಿದರೆ ಅಲ್ಲಿ ಸಮುದ್ರದ ಒಂದು ತುಂಡು ಮಾತ್ರ. ಬಾಚಣಿಗೆಯ ಒಂದು ಹಲ್ಲು ಮುರಿದಿತ್ತು. ಇನ್ನೊಬ್ಬನ ಕೆಲಸ ಕಂಡಾಗ ಹುಳುಕು ಹುಡುಕುವುದು ನಮ್ಮ ಕಸುಬಿನವರ ಕ್ರಮ. ಕೈಯ ಅಳತೆ ನೋಡಿದೆ, ಕತ್ತಿನ ನೆರಳು ನೋಡಿದೆ, ಅಕ್ಷರಗಳ ನಡುವಿನ ಅಂತರ ನೋಡಿದೆ. ಒಂದೂ ಸಿಗಲಿಲ್ಲ. ಹಿಂಬದಿಯ ತುದಿಯಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಅವರ ಹೆಸರಿತ್ತು, ಫೋನ್ ನಂಬರು ಇರಲಿಲ್ಲ. ಚಂದ ಉಂಟು ಎಂದು ಹೇಳಿ ಮನೆಗೆ ಬಂದೆ. ಅಂದು ಊಟ ಸೇರಲಿಲ್ಲ.

ಆದಿತ್ಯವಾರ ಇಗರ್ಜಿಯಿಂದ ಬಂದ ಮೇಲೆ ಪೊರ್ಬುಗಳು ಬಾಗಿಲು ತೆರೆದಿಟ್ಟು ರೆಕಾರ್ಡು ಹಾಕುತ್ತಿದ್ದರು. ನೆರೆಕರೆಯ ಹೆಂಗಸರು, ಗಲ್ಫಿನಿಂದ ರಜೆಯಲ್ಲಿ ಬಂದ ಗಂಡಸರು ಎಲ್ಲ ಹೋಗಿ ಕೂರುವುದು ರೂಢಿಯಾಯಿತು. ಅವರ ಮನೆಯಲ್ಲಿ ಒಂದು ಕ್ರಮವಿತ್ತು. ತಟ್ಟೆ ತಿರುಗಲು ತೊಡಗಿದಾಗ ಅದರ ಕವರನ್ನು ಯಾರಾದರೂ ಒಬ್ಬರ ಮಡಿಲಲ್ಲಿ ಇಡುವುದು. ಆ ಬದಿಯ ಹಾಡುಗಳು ಮುಗಿಯುವವರೆಗೆ ಅದು ಅವರಲ್ಲೇ ಇರಬೇಕು. ಕೈಯಿಂದ ಕೈಗೆ ದಾಟಿಸುವಂತಿಲ್ಲ. ಪಕ್ಕದವರು ಬೇಕಾದರೆ ಕತ್ತು ಚಾಚಿ ನೋಡಬೇಕು.

ನನ್ನ ಹೆಂಡತಿಗೆ ಒಂದು ದಿನ ಆ ತಲೆ ಬಾಚುವ ಹೆಂಗಸು ಸಿಕ್ಕಿದಳು. ಮಧ್ಯಾಹ್ನ ನನಗೆ ಗಂಜಿ ಬಡಿಸುತ್ತಾ ಅದರದ್ದೇ ಮಾತು. ಕಿಟಕಿಯ ದಂಡೆಯಲ್ಲಿ ಒಂದು ಇರುವೆ ಉಂಟಂತೆ. ನೆಲದ ಮೇಲೆ ಉದುರಿದ ಒಂದು ಕೂದಲು ಉಂಟಂತೆ. ಆ ಹೆಂಗಸು ಯಾರನ್ನೋ ಕಾಯುವುದಲ್ಲ, ಯಾರೋ ಈಗಷ್ಟೆ ಹೊರಟು ಹೋದದ್ದಂತೆ.

“ನಿಂಗೆ ಹೇಗೆ ಗೊತ್ತು?” ಎಂದೆ.

“ನೋಡಿದ್ರೆ ಗೊತ್ತಾಗ್ತದೆ. ಅಷ್ಟು ಹೊತ್ತು ನೋಡ್ಬೇಕು ಮಾತ್ರ.”

ಮದುವೆಯಾಗಿ ಅಷ್ಟು ವರ್ಷದಲ್ಲಿ ಅವಳು ನನ್ನ ಒಂದು ಬೋರ್ಡಿನ ಎದುರು ಅಷ್ಟು ಹೊತ್ತು ನಿಂತದ್ದಿಲ್ಲ. ಯಾರೂ ನಿಂತದ್ದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಸಮಾಧಾನ ಮಾಡಿಕೊಳ್ಳಲು ಹೋದೆ, ಆದರೆ ಪೊರ್ಬುಗಳದ್ದೂ ಈಗ ನಮ್ಮ ಹಿತ್ತಲೇ. ಮುಂದಿನ ಆದಿತ್ಯವಾರ ನಾನೂ ಹೋಗಿ, ಅದೆಷ್ಟು ಹೊತ್ತು ಒಂದು ಕವರು ನೋಡುವುದು ಎಂದು ನಗುತ್ತಾ ಕೇಳಿದೆ. ಒಳಗೆ ನಗು ಇರಲಿಲ್ಲ. ಪೊರ್ಬುಗಳು ಸೂಜಿಯನ್ನು ಬಟ್ಟೆಯಲ್ಲಿ ಒರೆಸುತ್ತಾ ಹೇಳಿದರು.

“ಒಂದು ಬದಿ ಮುಗೀಲಿಕ್ಕೆ ಇಪ್ಪತ್ತು ನಿಮಿಷ ಬೇಕು. ಅಷ್ಟು ಹೊತ್ತು ಅವರ ಕೈಯಲ್ಲಿ ಇರ್ತದಲ್ಲ, ಖಾಲಿಯಾಗ್ಬಾರ್ದು. ನಿಮ್ಮದು ಹಾಗಲ್ಲ ಮಾರಾಯ್ರೆ, ನಿಮ್ಮದು ಬಸ್ಸಿನವರಿಗೆ.”

ನಿಮ್ಮದು ಬಸ್ಸಿನವರಿಗೆ. ಆ ಮಾತು ನನ್ನನ್ನು ಎಷ್ಟು ದಿನ ತಿಂದಿತೋ... ಬಸ್ಸಿನಲ್ಲಿ ಕೂತವನು ಕಣ್ಣು ಮಿಟುಕಿಸುವಷ್ಟರಲ್ಲಿ ನನ್ನ ಬೋರ್ಡು ಹಿಂದೆ ಹೋಗಿರುತ್ತದೆ. ಅದು ಸುಳ್ಳಲ್ಲ. ಸುಳ್ಳಾಗಿದ್ದರೆ ಜಗಳವಾಡಬಹುದಿತ್ತು.

ಆ ವರ್ಷ ಯುವಕ ಮಂಡಲದವರು ವಾರ್ಷಿಕೋತ್ಸವದ ಆಮಂತ್ರಣಕ್ಕೆ ಚಿತ್ರ ಬರೆಸಲು ನನ್ನ ಮನೆಯ ಗೇಟು ದಾಟಿ ಪಕ್ಕದ ಗೇಟು ತೆರೆದರು. ನಾನು ಅಂಗಳದಲ್ಲೇ ಇದ್ದೆ. ಕಾರ್ಯದರ್ಶಿ ಹಲ್ಲು ಕಿರಿದು, “ನಿಮಗೆ ಬ್ಯಾನರ್ ಉಂಟಲ್ಲ, ಇದು ಆರ್ಟಿಸ್ಟ್ ಪೊರ್ಬುಗಳೇ ಮಾಡ್ಲಿ” ಎಂದ. ಆರ್ಟಿಸ್ಟ್ ಪೊರ್ಬುಗಳು. ಕೆಲವೇ ತಿಂಗಳಲ್ಲಿ ನಾನು ಊರಿನವರ ಬಾಯಲ್ಲಿ “ಬೋರ್ಡಿನವರು” ಆಗಿದ್ದೆ. ಮೀನಿನವನೂ ಕರೆಯುವ ಹೆಸರು ಬದಲಾಯಿಸಿದ.

ಅದೇ ಬಿಸಿಯಲ್ಲಿರುವಾಗ ಮೊಗ್ರಾಲಿನಲ್ಲಿ ಹೊಸದಾಗಿ ಹೊಲಿಗೆ ಅಂಗಡಿ ಇಡುವ ಟೈಲರಕ್ಕ ಬೋರ್ಡು ಬರೆಯಲು ಹೇಳಿದರು. ದೊಡ್ಡ ತಗಡು, ರಸ್ತೆಗೆ ಎದುರು. ನೋಡಿಯೇ ಬಿಡುವ ಎಂದುಕೊಂಡೆ. ಹೆಂಡತಿಯನ್ನು ಮನೆಯ ಕಿಟಕಿಯ ಬಳಿ ಬೆನ್ನು ಹಾಕಿ ಕೂರಿಸಿ, ಕೈಗೆ ಸೂಜಿ ನೂಲು ಕೊಟ್ಟೆ.

“ಬೆನ್ನು ಬರೀಲಿಕ್ಕೆ ಎಂತ, ನಂಗೆ ಮುಖ ಇಲ್ವಾ?” ಎಂದಳು.

ಹಗಲಿಡೀ ಕೂತಳು, ಪಾಪ. ಬೆನ್ನ ಪಕ್ಕದಲ್ಲಿ ಬಿದ್ದ ನೂಲಿನ ಉಂಡೆ ಬರೆದೆ, ಅದಕ್ಕೆ ಕೈ ಹಾಕುವ ಬೆಕ್ಕು ಬರೆದೆ, ಕಿಟಕಿಯಾಚೆ ಒಣಹಾಕಿದ ಪುಟ್ಟ ಮಗುವಿನ ಅಂಗಿ ಬರೆದೆ, ಆ ಅಂಗಿಗೆ ಒಂದು ಗುಂಡಿ ಕಡಿಮೆ ಇಟ್ಟೆ. ಇರುವೆ ಒಂದಲ್ಲ, ಸಾಲಾಗಿ ಬರೆದೆ. ಅಂಗಡಿಯ ಹೆಸರು ಕೆಳಗೆ ಮೂಲೆಯಲ್ಲಿ, ನಯವಾದ ಸಣ್ಣ ಅಕ್ಷರದಲ್ಲಿ. ನನ್ನ ಹೆಸರು ಸಾಸಿವೆಯಷ್ಟು.

ಬೋರ್ಡು ಏರಿದ ವಾರದಲ್ಲೇ ಟೈಲರಕ್ಕ ಬಂದರು. ಬೈಯುವ ಜಾತಿಯವರಲ್ಲ ಅವರು.

“ಚಂದ ಉಂಟು, ಎಂತ ಹೇಳುವುದು. ಆದ್ರೆ ಜನ ಬಸ್ಸಿನಿಂದ ಇಳಿದು ಮೆಡಿಕಲ್‌ನವನ ಹತ್ರ ಟೈಲರ್ ಅಂಗಡಿ ಎಲ್ಲಿ ಅಂತ ಕೇಳ್ತಾರೆ. ಇದರಡಿಯಲ್ಲೇ ನಿಂತು ಕೇಳ್ತಾರೆ.”

ಬೋರ್ಡು ಬರೆದು ತಲೆ ನರೆಯುವ ಕಾಲಕ್ಕೆ ನಾನು ಓದಲಾಗದ ಬೋರ್ಡು ಬರೆದಿದ್ದೆ. ಕಸುಬು ಕಲಿಯುವವನೂ ಮಾಡದ ತಪ್ಪು. ಹಳದಿ ಎನಾಮೆಲ್ ಹಿಡಿದು, ಏಣಿ ಒರಗಿಸಿ, ಆ ಚಿತ್ರದ ಮೇಲೆಯೇ ಅಂಗಡಿಯ ಹೆಸರನ್ನು ದಪ್ಪವಾಗಿ ಬರೆಯಲು ಹತ್ತಿದ್ದೆ. ಆಗ ಕೆಳಗಿನಿಂದ, “ಸ್ವಲ್ಪ ನಿಲ್ಲಿ ಮಾರಾಯ್ರೆ” ಎಂಬ ಸ್ವರ ಬಂತು. ಕೊಡೆ ಹಿಡಿದುಕೊಂಡು ಪೊರ್ಬುಗಳು ನಿಂತಿದ್ದರು. ಶಿರಿಯದಿಂದ ಬಸ್ಸು ಹಿಡಿದು ಬಂದಿದ್ದರು. ಹೆಂಡತಿ ಹೇಳಿರಬೇಕು.

ಟೈಲರಕ್ಕ ಒಳಗಿನಿಂದ ಸ್ಟೂಲು ತಂದಿಟ್ಟರು. ಪೊರ್ಬುಗಳು ಅದರಲ್ಲಿ ಕೂತು, ಕೊಡೆಯನ್ನು ಹೆಗಲಿಗೆ ಒರಗಿಸಿ, ನೋಡತೊಡಗಿದರು. ಬಸ್ಸುಗಳು ಹೋದವು, ಮೀನಿನ ಲಾರಿ ಹೋಯಿತು. ಅವರು ಕಣ್ಣು ತೆಗೆಯಲಿಲ್ಲ. ಏಣಿಯ ಮೇಲೆ ನನ್ನ ಕಾಲು ನೋಯತೊಡಗಿತು, ಇಳಿಯುವ ಎಂದರೆ ಮನಸ್ಸು ಬರಲಿಲ್ಲ. ನನ್ನ ಬೋರ್ಡನ್ನು ಯಾರೋ ಕೂತು ನೋಡುತ್ತಿದ್ದರು. ಅದೂ ಅವರು.

“ನಿಮ್ಮ ಮನೆಯವರ ಬೆನ್ನಲ್ವಾ?” ಎಂದರು ಕೊನೆಗೆ.

“ಹೌದು.”

“ನನ್ನದು ಯಾರ ಬೆನ್ನೂ ಅಲ್ಲ. ಕಂಪೆನಿಯ ಮೇಲಿನವರು ಬೆನ್ನು ಬೇಕು ಹೇಳಿದ್ರು, ಬರೆದೆ.” ಕೊಡೆಯನ್ನು ಇನ್ನೊಂದು ಹೆಗಲಿಗೆ ಒರಗಿಸಿಕೊಂಡರು. “ಅಷ್ಟು ವರ್ಷ ಬರೆದೆನಲ್ಲ, ಒಂದೂ ಹೀಗೆ ಬಿಸಿಲಲ್ಲಿ ನಿಂತದ್ದಿಲ್ಲ. ಎಲ್ಲ ಯಾರ್ಯಾರದ್ದೋ ಕಪಾಟಿನೊಳಗೆ. ನಿಮ್ಮದನ್ನು ದಾರಿಯಲ್ಲಿ ಹೋಗುವವರೆಲ್ಲ ನೋಡ್ತಾರೆ, ಓದ್ಲಿಕ್ಕೆ ಬಾರದವರು ಸಹ. ಬಸ್ಸಲ್ಲಿ ಬರುವಾಗೆಲ್ಲ ನಂಗೆ ಹೊಟ್ಟೆ ಉರೀತದೆ, ಗೊತ್ತುಂಟಾ?”

ಎದ್ದು ನಿಂತು ಸ್ಟೂಲನ್ನು ತಾವೇ ಒಳಗಿಟ್ಟರು. “ಆಯ್ತು, ಇನ್ನು ಬರೀರಿ. ಅವರಿಗೆ ವ್ಯಾಪಾರ ಆಗ್ಬೇಕಲ್ಲ” ಎಂದು ಬಸ್ ಸ್ಟಾಪಿನ ಕಡೆ ನಡೆದರು. ನಾನು ಹೆಂಡತಿಯ ಬೆನ್ನಿನ ಮೇಲೆ ಹಳದಿ ಅಕ್ಷರ ಬರೆದೆ. ಇರುವೆಗಳನ್ನು ಮಾತ್ರ ಉಳಿಸಿದೆ.

ಒಂದು ವಾರ ನಾನು ಹಾಲು ಕುಡಿದ ಹಾಗಿದ್ದೆ. ಪೊರ್ಬುಗಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚು. ಆ ಸುಖವನ್ನು ಹೆಂಡತಿಗೂ ಹೇಳದೆ ಒಬ್ಬನೇ ಅನುಭವಿಸಿದೆ. ಆಮೇಲೆ ಒಂದು ಸಂಶಯ ಶುರುವಾಯಿತು. ಏಣಿಯ ಮೇಲೆ ನನ್ನ ಮುಖ ನೋಡಿ, ಪಾಪ ಎನಿಸಿ ಹಾಗೆ ಹೇಳಿರಬಹುದೇ? ಹಾಗಿದ್ದರೆ ಆ ದೊಡ್ಡ ಮನಸ್ಸು ಕೂಡ ನನಗಿಲ್ಲದ್ದು, ಅವರಿಗಿದ್ದದ್ದು. ಅದಕ್ಕೂ ಹೊಟ್ಟೆ ಉರಿಯಿತು. ನಿಜ ಯಾವುದೆಂದು ಕೇಳುವ ಧೈರ್ಯ ಬರಲಿಲ್ಲ. ಆದಿತ್ಯವಾರ ಹೋಗಿ ಕೂರುತ್ತಿದ್ದೆ, ಮಡಿಲಿಗೆ ಕವರು ಬಂದರೆ ಹುಳುಕು ಹುಡುಕುತ್ತಿದ್ದೆ. ಮನೆಗೆ ಬಂದು ಕಾಗದದ ಮೇಲೆ ಬರೆಯುತ್ತಿದ್ದೆ, ಹರಿಯುತ್ತಿದ್ದೆ, ಮತ್ತೆ ಬರೆಯುತ್ತಿದ್ದೆ. ಈಗ ಯೋಚಿಸಿದರೆ ನಾನು ಅಷ್ಟು ಬರೆದದ್ದು ಆ ವರ್ಷಗಳಲ್ಲೇ...

ಆಮೇಲೆ ಫ್ಲೆಕ್ಸ್ ಬಂತು. ಕಂಪ್ಯೂಟರಿನವನು ಸಂಜೆಯೊಳಗೆ ಕೊಡುವ ಕೆಲಸಕ್ಕೆ ನನ್ನ ಹತ್ತಿರ ಯಾರು ವಾರ ಕಾಯುತ್ತಾರೆ? ತಗಡುಗಳು ಒಂದೊಂದೇ ಇಳಿದು ಕೋಳಿಗೂಡಿಗೆ ಹೊದಿಸಿದ ಮಾಡಾದವು. ಪೊರ್ಬುಗಳಿಗೂ ಕಣ್ಣು ಮಂಜಾಗಿ, ಮಂಗಳೂರಿನಲ್ಲಿದ್ದ ಮಗಳು ಬಂದು ಕರೆದುಕೊಂಡು ಹೋದಳು. ಪೆಟ್ಟಿಗೆಗಳು ಹೋದವು. ಒಂದೆರಡು ಮಳೆಗಾಲ ಕಳೆದ ಮೇಲೆ ತೀರಿಹೋದರೆಂದು ಫೋನ್ ಬಂತು.

ನಾನೂ ಹೆಂಡತಿಯೂ ಹೋದೆವು. ಮಗಳು ಆ ಕವರುಗಳಿಗೆ ಗಾಜು, ಚೌಕಟ್ಟು ಹಾಕಿಸಿ ಚಾವಡಿಯ ಗೋಡೆಯಲ್ಲಿ ತೂಗಿಸಿದ್ದಳು, ಮೇಲಿನಿಂದ ದೀಪ ಬೇರೆ. ಸಂತಾಪಕ್ಕೆ ಬಂದವರು ಒಂದು ಸಲ ಕಣ್ಣೆತ್ತಿ ನೋಡಿ ಚಹಾದ ಕಡೆ ಹೋಗುತ್ತಿದ್ದರು. ಮಡಿಲಲ್ಲಿ ಇರಬೇಕಾದದ್ದು ಗೋಡೆ ಏರಿತ್ತು. ಈಗ ನಿಮ್ಮದೂ ಬಸ್ಸಿನವರಿಗೇ ಆಯಿತಲ್ಲ ಪೊರ್ಬುಗಳೇ ಎಂದು, ಸತ್ತ ಮನೆಯಲ್ಲಿ ನಿಂತು, ನನಗೆ ಒಂದು ಕ್ಷಣ ಖುಷಿಯಾಯಿತು. ಹೆಂಡತಿ ಮಾತ್ರ ಆ ತಲೆ ಬಾಚುವ ಹೆಂಗಸಿನ ಎದುರು ನಿಂತವಳು ಕದಲಲಿಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಿಂತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯಾಚೆ ನೋಡಲಿಲ್ಲ. ನೋಡಲು ನನ್ನದೇನೂ ಉಳಿದಿರಲಿಲ್ಲ.

ಅಗಲ್ಪಾಡಿಯಿಂದ ಬಂದ ಮರುವಾರ ಪಂಚಾಯತಿನವರು ಅಂಗನವಾಡಿಯ ಗೋಡೆಗೆ ಚಿತ್ರ ಬರೆಯಲು ಕರೆದರು. ಊರಿನಲ್ಲಿ ಬ್ರಷ್ ಹಿಡಿಯಲು ಬೇರೆ ಯಾರೂ ಇಲ್ಲ, ಹಾಳೂರಿಗೆ ಉಳಿದವನೇ ಗೌಡ. ನವಿಲು, ಆನೆ, ಬಣ್ಣದ ಮೀನುಗಳನ್ನು ಬರೆದೆ. ಮೆಂಬರ್ ಬಂದು, “ಆರ್ಟಿಸ್ಟರೇ, ಬಾರೀ ಲಾಯ್ಕ ಆಗಿದೆ” ಎಂದರು. ಟೀಚರು ಫೋನಿನಲ್ಲಿ ಫೋಟೋ ತೆಗೆದುಕೊಂಡರು. ಅರ್ಧ ಗಳಿಗೆಯಲ್ಲಿ ಎಲ್ಲರೂ ಹೋದರು.

ಆನೆಯ ಹಿಂಗಾಲು ಸರಿಯಾಗಿರಲಿಲ್ಲ. ನನಗೆ ಗೊತ್ತಿತ್ತು, ಗೊತ್ತಿದ್ದೂ ಹಾಗೆಯೇ ಬಿಟ್ಟಿದ್ದೆ. ಅದನ್ನು ಕಂಡುಹಿಡಿಯುವ ಕಣ್ಣು ಈ ಊರಿನಲ್ಲಿ ಈಗ ಇಲ್ಲ. ಯಾರ ಮೇಲೆ ಉರಿದುಕೊಂಡು ನಾನು ಆ ಕಾಲನ್ನು ಮತ್ತೆ ಬರೆಯಬೇಕು? ಬ್ರಷ್ ತೊಳೆದು ಚೀಲಕ್ಕೆ ಹಾಕಿ ಮನೆಗೆ ಬಂದೆ.